ಕಾಣದುದು ಇಲ್ಲದುದಲ್ಲ

ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಿರೆಂದು ನಮ್ಮ ಹಳೆಯ ಉಪಾಧ್ಯಾಯಿನಿಯವರು ಅಪ್ಪಣೆ ಮಾಡಿದಾಗ, ಅಕ್ಕತಂಗಿಯರಾದ ನಾವಿಬ್ಬರೂ ಮೊದಲು ಸಂಕೋಚಪಟ್ಟೆವು. ನಾವು ಲೇಖಕಿಯರಲ್ಲ. ಆದರೂ ಕಳೆದ ಮಳೆಗಾಲದಲ್ಲಿ ನಮಗೊದಗಿದ ಒಂದು ಕಷ್ಟವೂ, ಅದರಿಂದ ಕಲಿತ ಪಾಠವೂ ಈಗಿನ ವಿದ್ಯಾರ್ಥಿನಿಯರಿಗೆ ಪ್ರಯೋಜನವಾದೀತೆಂದು ನಂಬಿ ಇದನ್ನು ಬರೆದಿದ್ದೇವೆ.

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ನಮ್ಮ ಮನೆಯಲ್ಲಿ ಒಂದು ಹಳೆಯ ವರ್ಕ್‌ಸ್ಟೇಷನ್ ಇದೆ. ಜರ್ಮನಿಯಲ್ಲಿ ಉದ್ಯೋಗದಲ್ಲಿದ್ದ ಅಣ್ಣನವರು ಊರಿಗೆ ಮರಳಿದಾಗ ತಂದುಕೊಟ್ಟದ್ದು ಅದು. ಅದನ್ನು ನಡೆಯಿಸುವುದು, ಯೂನಿಕ್ಸಿನ ಮಾದರಿಯನ್ನನುಸರಿಸಿ ೧೯೯೧ರಲ್ಲಿ ಹುಟ್ಟಿದ ಲಿನಕ್ಸ್. ತಾಯಿಯವರು ಬದುಕಿದ್ದಾಗ ಹಾಡಿದ ಸೋಬಾನೆ ಪದಗಳನ್ನು ಮೂರು ವರ್ಷ ಅವರ ಬಳಿಯಲ್ಲಿ ಕುಳಿತು ಅದರಲ್ಲಿ ಬರೆದಿಟ್ಟಿದ್ದೆವು. ಬೇರೆ ಪ್ರತಿಯಿರಲಿಲ್ಲ, ಅದು ನಮ್ಮದೇ ತಪ್ಪು.

ಒಂದು ರಾತ್ರಿ ಸಿಡಿಲಿಗೆ ಪರದೆ ಸುಟ್ಟುಹೋಯಿತು. ಬೇರೊಂದನ್ನು ತಂದು ಜೋಡಿಸಿದರೆ, ಬಂದ ಸಂಕೇತವು ತನ್ನ ಮಿತಿಗೆ ಮೀರಿದುದೆಂಬ ಒಂದು ಸಾಲನ್ನು ತೋರಿಸಿ ಅದು ಕಪ್ಪಾಯಿತು. ನೋಡಲು ಬಂದ ರಿಪೇರಿಯವರು, ಡಿಸ್ಕನ್ನು ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕಬೇಕೆಂದರು. ನಮಗೆ ಎದೆ ಒಡೆದಂತಾಯಿತು. ನಾಳೆ ಹೇಳುತ್ತೇವೆಂದು ಅವರನ್ನು ಕಳುಹಿಸಿಕೊಟ್ಟೆವು.

ಆ ರಾತ್ರಿ ನೆನಪಾದುದು ಶಾಲೆಯ ಗಣಿತದ ತರಗತಿ. ಉತ್ತರ ತಪ್ಪಿದರೆ ಹಾಳೆಯನ್ನು ಹರಿಯದೆ, ಮೊದಲ ಸಾಲಿನಿಂದ ಒಂದೊಂದೇ ಹೆಜ್ಜೆಯನ್ನು ಪರೀಕ್ಷಿಸಬೇಕೆಂದು ಉಪಾಧ್ಯಾಯಿನಿಯವರು ಎಷ್ಟು ಸಾರಿ ಹೇಳಿದ್ದರು! ಹಾಗೆಯೇ ತೊಡಗಿದೆವು.

ಕಂಟ್ರೋಲ್, ಆಲ್ಟ್, ಎಫ್೩ ಕೀಲಿಗಳನ್ನು ಒಟ್ಟಿಗೆ ಒತ್ತಲು, ಚಿತ್ರಗಳಿಲ್ಲದ ಬರಿಯ ಅಕ್ಷರಗಳ ಕನ್ಸೋಲ್ ಮೂಡಿತು. ಅಂದಮೇಲೆ ಪರದೆ ಕೆಟ್ಟಿರಲಿಲ್ಲ. ಆದರೆ ಗುಪ್ತಪದವನ್ನು ಅದು ಮೂರು ಸಾರಿಯೂ ನಿರಾಕರಿಸಿತು. ಗುಪ್ತಪದದ ಅಕ್ಷರಗಳು ಕಣ್ಣಿಗೆ ಕಾಣುವುದಿಲ್ಲವಷ್ಟೆ. ಆದಕಾರಣ ಅವನ್ನೇ ಹೆಸರು ಬರೆಯುವ ಸ್ಥಳದಲ್ಲಿ ಒತ್ತಿ ನೋಡಿದೆವು. ‘ವೈ’ ಒತ್ತಿದರೆ ‘ಝಡ್’ ಬಂದಿತು! ಜರ್ಮನ್ ಕೀಲಿಮಣೆಯಲ್ಲಿ ಇವೆರಡೂ ಸ್ಥಾನ ಬದಲಿಸಿಕೊಂಡಿರುತ್ತವೆ. ಕೀಲಿಮಣೆಯನ್ನು ನಾವು ಇಲ್ಲಿ ಬದಲಾಯಿಸಿದ್ದರೂ ಕನ್ಸೋಲಿನ ಏರ್ಪಾಡು ಹಳೆಯದೇ ಉಳಿದಿತ್ತು. ಝಡ್ ಇರುವೆಡೆಯನ್ನು ಒತ್ತಿ ಒಳಹೊಕ್ಕು, ಲೋಡ್‌ಕೀಸ್ ಎಂಬ ಆಜ್ಞೆಯಿಂದ ಸರಿಪಡಿಸಿದೆವು. ಅದು ಯಂತ್ರವನ್ನು ಆರಿಸುವವರೆಗೆ ಮಾತ್ರ ನಿಲ್ಲುವುದರಿಂದ ಏರ್ಪಾಡಿನ ಕಡತವನ್ನೂ ತಿದ್ದಿದೆವು.

ಬಳಿಕ ತಾಯಿಯವರ ಪದಗಳ ಕಡತವನ್ನು ತೆರೆದೆವು. ಸಾಲುಸಾಲಾಗಿ ಚೌಕಗಳಲ್ಲದೆ ಒಂದು ಕನ್ನಡಕ್ಷರವೂ ಇಲ್ಲ. ತಂಗಿ ಅತ್ತೇಬಿಟ್ಟಳು.

ಒತ್ತುವ ಕೀಲಿ ಬೇರೆ, ಡಿಸ್ಕಿನಲ್ಲಿ ಉಳಿಯುವ ಸಂಖ್ಯೆ ಬೇರೆ, ಕಣ್ಣಿಗೆ ತೋರುವ ಆಕೃತಿ ಬೇರೆ. ಶ್ರೀ ಕೆ. ಪಿ. ರಾಯರ ಕೀಲಿಮಣೆ ವಿನ್ಯಾಸದಲ್ಲಿ ‘ಕೆ, ಎಫ್, ಟಿ’ ಒತ್ತಿದರೆ ‘ಕ್ತ’ ಆಗುವುದಲ್ಲವೆ? ಲಿನಕ್ಸಿನ ಅಕ್ಷರ ಕನ್ಸೋಲಿಗೆ ಹೆಚ್ಚೆಂದರೆ ೫೧೨ ಆಕೃತಿಗಳು. ಒಂದೊಂದಕ್ಕೂ ಒಂದೊಂದು ಮನೆ. ಒತ್ತಕ್ಷರವನ್ನು ಕೆಳಗಿರಿಸಿ ಕೂಡಿಸುವ ಶಕ್ತಿ ಅದಕ್ಕಿಲ್ಲ. ಹೆಕ್ಸ್‌ಡಂಪ್ ಆಜ್ಞೆಯಿಂದ ಕಡತದ ಸಂಖ್ಯೆಗಳನ್ನೇ ನೋಡಿದೆವು. ಯೂನಿಕೋಡಿನ ಯುಟಿಎಫ್-೮ ಕ್ರಮದಲ್ಲಿ ‘ಕ’ ಅಕ್ಷರವು ‘ಇ೦ ಬಿ೨ ೯೫’ ಎಂಬ ಮೂರು ಬೈಟುಗಳು. ಅಂತಹ ತ್ರಯಗಳೇ ಉದ್ದಕ್ಕೂ ಇದ್ದುವು. ಪದಗಳು ಎಲ್ಲಿಗೂ ಹೋಗಿರಲಿಲ್ಲ!

ಉಳಿದುದು ಸುಲಭ. ಸುಟ್ಟ ಪರದೆಯ ಅಳತೆಯನ್ನು ಬರೆದಿಟ್ಟಿದ್ದ ಏರ್ಪಾಡಿನ ಕಡತವನ್ನು ಅಳಿಸದೆ, ಹೆಸರು ಬದಲಾಯಿಸಿ ಪಕ್ಕಕ್ಕಿಟ್ಟೆವು. ಮರಳಿ ಆರಂಭಿಸಲು, ಯಂತ್ರವು ಹೊಸ ಪರದೆಯನ್ನೇ ಅದರ ಅಳತೆ ಕೇಳಿ ತಿಳಿದುಕೊಂಡಿತು. ಬೆಳಗಿನ ಜಾವಕ್ಕೆ ತಾಯಿಯವರ ಮೊದಲ ಪದ ಕನ್ನಡದಲ್ಲಿ ಕಂಡಾಗ ನಾವಿಬ್ಬರೂ ಅದನ್ನು ಮೆಲ್ಲನೆ ಹಾಡಿದೆವು.

ಈಗ ಆ ಪದಗಳಿಗೆ ಎರಡು ಬೇರೆ ಪ್ರತಿಗಳಿವೆ. ಪ್ರಿಯ ಸಹೋದರಿಯರೇ, ಕಣ್ಣಿಗೆ ಕಾಣದುದನ್ನೆಲ್ಲ ನಾಶವಾಯಿತೆಂದು ತಿಳಿಯಬೇಡಿರಿ. ಅಳಿಸುವುದಕ್ಕೆ ಮೊದಲು ಒಂದು ರಾತ್ರಿ ತಾಳಿ, ಹೆಜ್ಜೆ ಹೆಜ್ಜೆಯಾಗಿ ನೋಡಿರಿ.