ಹಾಸಿಗೆ ಇದ್ದಷ್ಟು ಕಾಲು ಚಾಚಿ ಯೂರೋಪ್ ಯಾತ್ರೆ

ಯೂರೋಪ್ ಪ್ರವಾಸ ಎಂದೊಡನೆ ಮಧ್ಯಮ ವರ್ಗದ ಮನೆಯ ಯಜಮಾನನ ಕೈ ತಾನಾಗಿಯೇ ಜೇಬಿನ ಮೇಲೆ ಹೋಗುತ್ತದೆ. ಐಫೆಲ್ ಗೋಪುರ, ಆಲ್ಪ್ಸ್ ಹಿಮ, ವೆನಿಸ್ಸಿನ ದೋಣಿ ಇವೆಲ್ಲ ಸಿನಿಮಾದವರಿಗೂ ಸಿರಿವಂತರಿಗೂ ಮೀಸಲು ಎಂಬ ನಂಬಿಕೆ ಬೇರೂರಿದೆ. ಅದಕ್ಕೆ ಕಾರಣವೂ ಇದೆ. ವಿಮಾನದ ಟಿಕೆಟ್ ದುಬಾರಿ. ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಪ್ರವಾಸಿಗೆ ಕನಿಷ್ಠ 30,000 ಯೂರೋವರೆಗಿನ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಇರಲೇಬೇಕು. ಇವುಗಳಲ್ಲಿ ಚೌಕಾಸಿಗೆ ಎಡೆಯಿಲ್ಲ.

ಆದರೆ ಅಲ್ಲಿ ಕಾಲಿಟ್ಟ ಮೇಲಿನ ಖರ್ಚಿನ ಕಥೆಯೇ ಬೇರೆ. ಕರ್ನಾಟಕದಿಂದ ಓದಲೆಂದು ಜರ್ಮನಿ, ಫ್ರಾನ್ಸ್‌ಗಳಿಗೆ ಹೋಗಿರುವ ವಿದ್ಯಾರ್ಥಿಗಳ ಮಟ್ಟಿಗಂತೂ ವಿಮಾನ, ವೀಸಾಗಳ ಖರ್ಚು ಓದಿನ ಲೆಕ್ಕದಲ್ಲೇ ಮುಗಿದುಹೋಗಿರುತ್ತದೆ. ಅಂಥ ಮನೆಗಳಲ್ಲಿ ರಜೆ ಹತ್ತಿರವಾದಾಗ ಫೋನಿನಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಒಂದೇ ತೆರ.

"ಅಮ್ಮಾ, ನಾಲ್ಕು ದಿನ ರಜೆ ಇದೆ. ಲಕ್ಸೆಂಬರ್ಗ್ ನೋಡ್ಕೊಂಡು ಬರ್ತೀನಿ."

"ಸಾಲ ಮಾಡಿ ಕಳ್ಸಿರೋದು ಓದೋಕೆ ಕಣೋ, ಊರು ಸುತ್ತೋಕಲ್ಲ."

ತಾಯಿಯ ಮಾತು ಸುಳ್ಳಲ್ಲ. ಬ್ಯಾಂಕಿನ ಬಡ್ಡಿ ರಜೆಯಲ್ಲೂ ಬೆಳೆಯುತ್ತದೆ. ಮಗನ ಆಸೆಯೂ ತಪ್ಪಲ್ಲ; ಅಷ್ಟು ದೂರ ಹೋಗಿ ಹಾಸ್ಟೆಲ್ ಕೋಣೆಯ ಗೋಡೆಯನ್ನಷ್ಟೇ ನೋಡಿ ಬರುವುದು ಯಾವ ಜಾಣತನ? ಊರು ಸುತ್ತುವುದೂ ಓದಿನ ಭಾಗವೇ, ಅದು ಬಡವರ ಮಕ್ಕಳಿಗೂ ಸಿಗಬೇಕು ಎಂದು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಹಟ ಹಿಡಿದವರು ಒಬ್ಬ ಶಾಲಾ ಮೇಷ್ಟ್ರು.

ಅವರ ಹೆಸರು ರಿಚರ್ಡ್ ಷಿರ್ಮನ್. ಜರ್ಮನಿಯ ಆಲ್ಟೆನಾ ಎಂಬ ಪುಟ್ಟ ಊರಿನಲ್ಲಿ ಶಿಕ್ಷಕರು. ನಾಲ್ಕು ಗೋಡೆಗಳ ನಡುವೆ ಕಲಿತದ್ದಕ್ಕಿಂತ ನಡೆಯುತ್ತಾ ಕಲಿತದ್ದು ಹೆಚ್ಚು ಉಳಿಯುತ್ತದೆ ಎಂದು ನಂಬಿ ಮಕ್ಕಳನ್ನು ಕಾಡು ಕಣಿವೆಗಳಿಗೆ ಕರೆದೊಯ್ಯುತ್ತಿದ್ದರು. 1909ರ ಆಗಸ್ಟ್‌ನಲ್ಲಿ ಅಂಥದೊಂದು ನಡಿಗೆಯಲ್ಲಿ ಗುಡುಗು ಮಳೆ ಹಿಡಿಯಿತು. ಗುರುವೂ ಮಕ್ಕಳೂ ಹಳ್ಳಿಯ ಒಂದು ಶಾಲೆಯಲ್ಲಿ ರಾತ್ರಿ ಕಳೆದರು. ನೆಲಕ್ಕೆ ಹುಲ್ಲಿನ ಹಾಸಿಗೆ. ಮಕ್ಕಳು ನಿದ್ದೆ ಹೋದರು, ಮೇಷ್ಟ್ರು ಎಚ್ಚರವಾಗಿದ್ದರು. ರಜೆಯಲ್ಲಿ ಶಾಲೆಗಳು ಬರಿದಾಗಿ ಬಿದ್ದಿರುತ್ತವೆ. ಅವುಗಳನ್ನೇ ನಡೆದು ಬರುವ ಮಕ್ಕಳ ತಂಗುದಾಣ ಮಾಡಿದರೇನು ಎಂಬ ಯೋಚನೆ ಹುಟ್ಟಿದ್ದು ಆ ರಾತ್ರಿ. 1912ರಲ್ಲಿ ಆಲ್ಟೆನಾದ ಹಳೆಯ ಕೋಟೆಯಲ್ಲಿ ಮೊದಲ ಕಾಯಂ ಯೂತ್ ಹಾಸ್ಟೆಲ್ ಆರಂಭವಾಯಿತು. ಅಂದಿನ ಮಲಗುವ ಕೋಣೆಗಳನ್ನು ಅಲ್ಲಿ ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿದ್ದಾರೆ.

ಮುಂದೆ ಮೊದಲ ಮಹಾಯುದ್ಧ ಬಂತು. ಷಿರ್ಮನ್ ಸೈನಿಕರಾಗಿ ಫ್ರಾನ್ಸಿನ ಗಡಿಯ ಕಂದಕಗಳಲ್ಲಿದ್ದರು. 1915ರ ಕ್ರಿಸ್‌ಮಸ್ ದಿನ ಎರಡೂ ಕಡೆಯ ಸೈನಿಕರು ಕೆಲಹೊತ್ತು ಬಂದೂಕು ಕೆಳಗಿಟ್ಟು ತಿಂಡಿ ತೀರ್ಥ ಹಂಚಿಕೊಂಡದ್ದನ್ನು ಕಂಡರು. ದೇಶದೇಶಗಳ ಯುವಕರು ಒಂದೆಡೆ ಕಲೆಯುವ ಜಾಗಗಳಿದ್ದರೆ ಎಷ್ಟು ಚೆನ್ನ ಎಂಬ ಆಲೋಚನೆ ಅಲ್ಲಿ ಗಟ್ಟಿಯಾಯಿತು. 1932ರಲ್ಲಿ ಹಲವು ದೇಶಗಳ ಹಾಸ್ಟೆಲ್ ಸಂಘಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದವು; ಬಳಿಕ ಅದರ ಅಧ್ಯಕ್ಷರಾದವರೂ ಅವರೇ. 1933ರಲ್ಲಿ ಹಿಟ್ಲರನ ಆಡಳಿತ ಜರ್ಮನಿಯ ಹಾಸ್ಟೆಲ್‌ಗಳನ್ನು ತನ್ನ ಯುವಪಡೆಯ ವಶಕ್ಕೆ ತೆಗೆದುಕೊಂಡಿತು. ಆದರೆ ಮೇಷ್ಟ್ರು ಹಾಕಿದ ಬೀಜ ಅಷ್ಟರಲ್ಲಿ ಬೇರೆ ದೇಶಗಳಲ್ಲಿ ಮೊಳೆತಿತ್ತು. ಇಂದು ಮೈಸೂರಿನಲ್ಲೂ ಯೂತ್ ಹಾಸ್ಟೆಲ್ ಇದೆ.

ಹಾಗಾಗಿ ಹಾಸ್ಟೆಲ್ ಎಂದರೆ ಹೋಟೆಲಿಗೆ ಹಣವಿಲ್ಲದವರ ಗತಿ ಎಂದು ತಿಳಿಯಬಾರದು. ಒಂದು ಕೋಣೆಯಲ್ಲಿ ಆರೆಂಟು ಜನ, ಮೇಲೊಂದು ಕೆಳಗೊಂದು ಮಂಚ, ಬೀರುವಿಗೆ ಸ್ವಂತ ಬೀಗ. ಅನೇಕ ಕಡೆ ಎಲ್ಲರಿಗೂ ಸೇರಿದ ಅಡುಗೆಮನೆ ಇರುತ್ತದೆ. ಅಂಗಡಿಯಿಂದ ಅಕ್ಕಿ, ಟೊಮೇಟೊ ತಂದು, ಮನೆಯಿಂದ ಬಂದ ಸಾರಿನ ಪುಡಿ ಹಾಕಿದರೆ ಊಟ ಸಿದ್ಧ. ಪಕ್ಕದ ಒಲೆಯಲ್ಲಿ ಪೋಲೆಂಡಿನ ಹುಡುಗಿ ಆಲೂಗಡ್ಡೆ ಬೇಯಿಸುತ್ತಿರಬಹುದು. ಒಗ್ಗರಣೆಯ ಘಮಕ್ಕೆ ಅವಳು ತಿರುಗಿ ನೋಡಿದಲ್ಲಿಗೆ ಸಮಾಜ ವಿಜ್ಞಾನದ ಒಂದು ಪಾಠ ಶುರು. ಉಂಡ ತಟ್ಟೆಯನ್ನು ತಾನೇ ತೊಳೆದಿಡಬೇಕು ಎಂಬುದು ಎರಡನೆಯ ಪಾಠ.

ಮಲಗುವ ಚಿಂತೆ ಮುಗಿದರೆ ಉಳಿದದ್ದು ಓಡಾಟ. ಇದಕ್ಕೂ ಯೂರೋಪಿನವರು ಯುವಕರನ್ನೇ ಮನಸ್ಸಿನಲ್ಲಿಟ್ಟು ದಾರಿ ಮಾಡಿದ್ದಾರೆ. 1972ರಲ್ಲಿ 21 ವರ್ಷದವರೆಗಿನವರಿಗಾಗಿ ಇಂಟರ್‌ರೈಲ್ ಪಾಸ್ ಬಂತು. ಒಂದೇ ಪಾಸಿನಲ್ಲಿ ಒಂದು ತಿಂಗಳು 21 ದೇಶಗಳ ರೈಲು. ಈಗ ಯುವಕರ ರಿಯಾಯಿತಿ 27 ವರ್ಷದವರೆಗೂ ಇದೆ. ಯೂರೋಪಿನಲ್ಲಿ ನೆಲೆಸಿರುವವರಿಗೆ ಇಂಟರ್‌ರೈಲ್, ಹೊರಗಿನಿಂದ ಬರುವವರಿಗೆ ಯೂರೇಲ್ ಎಂಬ ವ್ಯತ್ಯಾಸ ನೆನಪಿಡಬೇಕು. ಅಲ್ಲಿ ಓದುತ್ತಿರುವ ಕನ್ನಡದ ಹುಡುಗ ಮೊದಲ ಗುಂಪಿಗೂ, ಮಗನನ್ನು ನೋಡಲು ಹೋದ ತಂದೆ ತಾಯಿ ಎರಡನೆಯ ಗುಂಪಿಗೂ ಸೇರುತ್ತಾರೆ.

ಲಕ್ಸೆಂಬರ್ಗ್ ಇನ್ನೂ ಒಂದು ಹೆಜ್ಜೆ ಮುಂದೆ. 2,586 ಚದರ ಕಿಲೋಮೀಟರಿನ ಆ ದೇಶದಲ್ಲಿ 2020ರ ಫೆಬ್ರವರಿ 29ರಿಂದ ಬಸ್ಸು, ಟ್ರಾಮ್, ಎರಡನೆಯ ದರ್ಜೆಯ ರೈಲು ಎಲ್ಲವೂ ಉಚಿತ, ಪರದೇಶಿಗೂ ಉಚಿತ. ಕಾರುಗಳ ದಟ್ಟಣೆ ಇಳಿಸಲು ಮಾಡಿದ ಏರ್ಪಾಡು ಬರಿಗೈ ವಿದ್ಯಾರ್ಥಿಗೆ ವರವಾಗಿದೆ. ರಾಜಧಾನಿಯ ಮೇಲಿನ ಊರನ್ನೂ ಕೆಳಗಿನ ಫಾಫೆಂಟಾಲ್ ಕಣಿವೆಯನ್ನೂ ಕೂಡಿಸುವ 71 ಮೀಟರ್ ಎತ್ತರದ ಗಾಜಿನ ಲಿಫ್ಟಿಗೂ ದುಡ್ಡಿಲ್ಲ. ಆ ಕಣಿವೆಯಲ್ಲೇ ಯೂತ್ ಹಾಸ್ಟೆಲ್ ಇದೆ. ಅಲ್ಲಿ ಮಲಗಿ ಎದ್ದವನಿಗೆ ಹಳೆಯ ಕೋಟೆಯ ಗೋಡೆಗಳು ತಲೆಯೆತ್ತಿದರೆ ಕಾಣುತ್ತವೆ.

ಇನ್ನೂ ಚಿಕ್ಕ ದೇಶ ಲಿಕ್ಟೆನ್‌ಸ್ಟೈನ್. ವಿಸ್ತೀರ್ಣ 160 ಚದರ ಕಿಲೋಮೀಟರ್, ವಿಮಾನ ನಿಲ್ದಾಣವೇ ಇಲ್ಲ. ಸ್ವಿಟ್ಜರ್ಲೆಂಡಿನ ಸೆವೆಲೆನ್ ಸ್ಟೇಷನ್ನಿನಲ್ಲಿ ರೈಲು ಇಳಿದು ನಡೆದರೆ ರೈನ್ ನದಿಗೆ 1901ರಲ್ಲಿ ಕಟ್ಟಿದ, ಮಾಡು ಹೊದಿಸಿದ ಮರದ ಸೇತುವೆ ಸಿಗುತ್ತದೆ. ಉದ್ದ 135 ಮೀಟರ್. ನಡುವೆ ಗಡಿಯ ಗುರುತು. ಒಂದು ಕಾಲು ಒಂದು ದೇಶದಲ್ಲಿ, ಇನ್ನೊಂದು ಕಾಲು ಮತ್ತೊಂದರಲ್ಲಿ ಇಟ್ಟು ನಿಲ್ಲಬಹುದು. ತಡೆಯುವ ಪೊಲೀಸರಿಲ್ಲ, ಶುಲ್ಕವಿಲ್ಲ. ಗಡಿಗಳನ್ನು ಭೂಪಟದ ಕೆಂಪು ಗೆರೆಯಾಗಿಯೇ ಕಂಡ ಹುಡುಗನಿಗೆ ಆ ಮರದ ಹಲಗೆಗಳ ಮೇಲಿನ ನಾಲ್ಕು ಹೆಜ್ಜೆ ಒಂದು ಅಧ್ಯಾಯಕ್ಕೆ ಸಮ.

ವಿಜ್ಞಾನದ ವಿದ್ಯಾರ್ಥಿಗೆ ಜಿನೀವಾ ಬೇರೆಯೇ ಆಕರ್ಷಣೆ. ತುಟ್ಟಿಯ ಊರೆಂದು ಹೆಸರಾಗಿದ್ದರೂ ಅಲ್ಲಿಯ ಹಾಸ್ಟೆಲ್‌ನಲ್ಲಿ ತಂಗಿದವರಿಗೆ ನಗರದ ಟ್ರಾಮ್, ಬಸ್ಸುಗಳ ಪಾಸು ಉಚಿತವಾಗಿ ಸಿಗುತ್ತದೆ. ಆ ಟ್ರಾಮೇ ಕಣಭೌತ ಸಂಶೋಧನೆಯ ಸರ್ನ್ ಕೇಂದ್ರದ ಬಾಗಿಲಿಗೆ ಒಯ್ಯುತ್ತದೆ. 2023ರ ಅಕ್ಟೋಬರ್‌ನಲ್ಲಿ ತೆರೆದ ಅಲ್ಲಿಯ ವಿಜ್ಞಾನ ಪ್ರದರ್ಶನಕ್ಕೆ ಪ್ರವೇಶ ಧರ್ಮಾರ್ಥ. ಸೋಮವಾರ ಮಾತ್ರ ರಜೆ.

ರೋಮ್ ನಗರದಲ್ಲಿ ನೀರಿನ ಬಾಟಲಿ ಕೊಳ್ಳುವವರು ಹೊಸಬರು. ಬೀದಿಬೀದಿಯಲ್ಲಿ ನಾಸೋನಿ, ಎಂದರೆ 'ದೊಡ್ಡ ಮೂಗು' ಎಂಬ ಹೆಸರಿನ ಎರಕದ ಕಬ್ಬಿಣದ ನಲ್ಲಿಕಂಬಗಳಿವೆ. 1870ರ ದಶಕದಿಂದ ಕುಡಿಯುವ ನೀರು ಹರಿಸುತ್ತಿವೆ. ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿ ಮುಚ್ಚಿದರೆ ಮೇಲಿನ ಪುಟ್ಟ ರಂಧ್ರದಿಂದ ನೀರು ಕಮಾನಾಗಿ ಬಾಯಿಗೆ ಚಿಮ್ಮುತ್ತದೆ. ದ್ರವದ ಒತ್ತಡದ ಪಾಠಕ್ಕೆ ಇದಕ್ಕಿಂತ ಸೊಗಸಾದ ಪ್ರಯೋಗ ಯಾವ ಲ್ಯಾಬಿನಲ್ಲಿದೆ? ಮ್ಯಾಡ್ರಿಡ್‌ನ ಪ್ರಾಡೊ ಚಿತ್ರಶಾಲೆ ಪ್ರತಿದಿನ ಮುಚ್ಚುವ ಮುಂಚಿನ ಎರಡು ಗಂಟೆ ಉಚಿತ. ಲಂಡನ್ನಿಗೆ ಬೇರೆಯೇ ವೀಸಾ ಬೇಕು. ಆದರೆ ವೀಸಾ ಪಡೆದು ಹೋದವರಿಗೆ ಬ್ರಿಟಿಷ್ ಮ್ಯೂಸಿಯಮ್ಮಿನ ಕಾಯಂ ಸಂಗ್ರಹ ನೋಡಲು ಬಿಡಿಗಾಸೂ ಬೇಡ.

ಇವನ್ನೆಲ್ಲ ಗಮನಿಸಿದರೆ ಒಂದು ಸೂತ್ರ ಹೊಳೆಯುತ್ತದೆ. ಪ್ರವಾಸದಲ್ಲಿ ಹಣ ಕಡಿಮೆಯಾದಷ್ಟೂ ಸಮಯ ಮತ್ತು ಮುಂದಾಲೋಚನೆ ಹೆಚ್ಚು ಬೇಕು. ಯಾವ ದಿನ ಯಾವ ಬಾಗಿಲು ಉಚಿತ, ಯಾವ ರೈಲು ಬೇಗ ಕಾಯ್ದಿರಿಸಿದರೆ ಅಗ್ಗ ಎಂದು ಲೆಕ್ಕ ಹಾಕುವವನು ಊರು ಸೇರುವ ಮೊದಲೇ ಅರ್ಧ ಊರನ್ನು ಓದಿರುತ್ತಾನೆ.

ಆದರೆ ಮಿತವ್ಯಯ ಬೇರೆ, ಜಿಪುಣತನ ಬೇರೆ. ವಿಮೆಯಲ್ಲಿ ಉಳಿತಾಯ ಕೂಡದು. ಟಿಕೆಟ್ ಇಲ್ಲದೆ ರೈಲು ಹತ್ತುವುದು ಕೂಡದು. ಇಟಲಿಯ ಪ್ರಾದೇಶಿಕ ರೈಲುಗಳ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಒತ್ತಿಸದಿದ್ದರೂ ದಂಡ ಬೀಳುತ್ತದೆ. ದೊಡ್ಡ ಸ್ಟೇಷನ್ನುಗಳಲ್ಲಿ ಜೇಬುಗಳ್ಳರಿದ್ದಾರೆ, ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ. ರಾತ್ರಿ ತಲುಪುವ ಊರಿನಲ್ಲಿ ಹಾಸಿಗೆ ಮೊದಲೇ ಗೊತ್ತಾಗಿರಲಿ. ಹೊಟ್ಟೆಗೆ ತಿನ್ನದೆ, ನಿದ್ದೆಗೆಟ್ಟು ನಾಲ್ಕು ದಿನದಲ್ಲಿ ಆರು ದೇಶ ಮುಟ್ಟಿ ಬಂದವನು ಕಂಡದ್ದು ಬರೀ ರೈಲಿನ ಕಿಟಕಿ.

ಪಾಲಕರು ಕಳುಹಿಸಬೇಕೆ, ಬೇಡವೆ ಎಂಬುದನ್ನು ಮನೆಯ ಸ್ಥಿತಿ ನೋಡಿ ಅವರೇ ತೀರ್ಮಾನಿಸಬೇಕು. ಮಕ್ಕಳಿಗೆ ಹಾಕಬಹುದಾದ ಷರತ್ತು ಮಾತ್ರ ಸುಲಭದ್ದು: ಹೊರಡುವ ಮುನ್ನ ಹಾಸಿಗೆ, ಓಡಾಟ, ಊಟ ಎಂದು ಮೂರು ಬಾಬ್ತಿನ ಅಂದಾಜು ಪಟ್ಟಿ ಮಾಡಬೇಕು, ಬಂದ ಮೇಲೆ ನಿಜವಾದ ಖರ್ಚನ್ನು ಅದರ ಪಕ್ಕದಲ್ಲಿ ಬರೆಯಬೇಕು. ಎರಡು ಅಂಕಣಗಳ ನಡುವಿನ ವ್ಯತ್ಯಾಸ ಸಣ್ಣದಾಗಿದ್ದರೆ ಮಗ ಅಥವಾ ಮಗಳು ಯೂರೋಪ್ ನೋಡಿದ್ದಷ್ಟೇ ಅಲ್ಲ, ಸಂಸಾರ ತೂಗಿಸುವುದನ್ನೂ ಕಲಿತರೆಂದು ಅರ್ಥ. ಆ ಪಟ್ಟಿ ನೋಡಿದ ತಾಯಿ ಮುಂದಿನ ರಜೆಗೆ ಒಂದು ಪೊಟ್ಟಣ ಸಾರಿನ ಪುಡಿ ಹೆಚ್ಚಿಗೆ ಕಳುಹಿಸಿದರೆ ಆಶ್ಚರ್ಯವಿಲ್ಲ.