ನೋವು ಹೋಗಬೇಕು, ಕಾಲು ಏಳಬೇಕು

ಅರಿವಳಿಕೆ ವೈದ್ಯರ ಕೆಲಸ ಪ್ರಜ್ಞೆ ತಪ್ಪಿಸುವುದಷ್ಟೇ ಎಂದು ತಿಳಿದವರೇ ಹೆಚ್ಚು. ನನಗೆ ಈ ವೃತ್ತಿಯಲ್ಲಿ ಬಲು ಪ್ರೀತಿಯದು, ಎಚ್ಚರವಾಗಿರುವವರ ಒಂದೇ ಒಂದು ಕೀಲಿನ ನೋವನ್ನು ಹುಡುಕಿ ತಡೆಯುವುದು. ಸೊಂಟದ ಕೀಲು ಬದಲಿಸುವ ದಿನ 'ಪೆಂಗ್ ಬ್ಲಾಕ್' ಕೊಡುವುದಿದ್ದರಂತೂ ಬೆಳಗಿನಿಂದಲೇ ಹುಮ್ಮಸ್ಸು.

ಈ ಕೀಲಿನ ಮುಂಭಾಗದ ಪೊರೆಗೆ ಫೀಮರಲ್, ಆಬ್ಟುರೇಟರ್ ನರಗಳ ಎಳೆ ಕವಲುಗಳು ಬರುತ್ತವೆ. ನೋವಿನ ಸುದ್ದಿ ಬಹುಪಾಲು ಹೊರಡುವುದು ಅಲ್ಲಿಂದಲೇ. ಹಿಂದೆ ತೊಡೆಸಂದಿಯಲ್ಲಿ ಫೀಮರಲ್ ನರವನ್ನೇ ಮರಗಟ್ಟಿಸುತ್ತಿದ್ದೆವು. ನೋವಿನ ಜೊತೆಗೆ ತೊಡೆಯ ಬಲವೂ ಹೋಗುತ್ತಿತ್ತು. ಹೊಸ ಕೀಲು ಹಾಕಿಸಿಕೊಂಡವರು ಬೇಗ ವಾಕರ್ ಹಿಡಿದು ನಿಲ್ಲಬೇಕು. ಮಂಡಿ ಕುಸಿದು ಬಿದ್ದರೆ ಗತಿಯೇನು? 2018ರಲ್ಲಿ ಟೊರಾಂಟೊದ ವೈದ್ಯರು, ಸೊಂಟದ ಮೂಳೆ ಮುರಿದವರ ಆರೈಕೆಯಲ್ಲಿ, ದೊಡ್ಡ ನರವನ್ನು ಅದರ ಪಾಡಿಗೆ ಬಿಟ್ಟು ಈ ಕವಲುಗಳನ್ನಷ್ಟೇ ಹಿಡಿಯುವ ದಾರಿ ತೋರಿಸಿದರು. ಅದೇ ಪೆಂಗ್ ಬ್ಲಾಕ್.

ಅಲ್ಟ್ರಾಸೌಂಡ್ ಪ್ರೋಬನ್ನು ತೊಡೆಸಂದಿಯ ಮೇಲೆ ಓರೆಯಾಗಿಟ್ಟು ನಿಧಾನವಾಗಿ ಜಾರಿಸುತ್ತೇನೆ. ಮೊದಲು ಮಿಡಿಯುವ ರಕ್ತನಾಳ ಕಾಣಬೇಕು, ಅದರಿಂದ ದೂರ ಇರಬೇಕಲ್ಲ. ಆಮೇಲೆ ಮೂಳೆಯ ಬೆಳ್ಳನೆಯ ಅಂಚು, ಅದಕ್ಕೆ ಒರಗಿದ ಸೋಯಾಸ್ ಸ್ನಾಯುರಜ್ಜುವಿನ ಹೊಳಪು. ಹೊರಮಗ್ಗುಲಿನಿಂದ ಸೂಜಿ ಹೊರಡುತ್ತದೆ. ತೆರೆಯ ಮೇಲೆ ಅದು ತುದಿಸಮೇತ ಕಾಣುತ್ತಲೇ ಇರಬೇಕು. ತುದಿ ಮರೆಯಾದರೆ ಕೈ ಅಲ್ಲೇ ನಿಲ್ಲಬೇಕು. ಮೂಳೆಗೆ ತಾಗಿದ ಮೇಲೆ ಸಿರಿಂಜಿನ ಪ್ಲಂಜರ್ ಹಿಂದಕ್ಕೆಳೆದು, ರಕ್ತ ಬರುತ್ತಿಲ್ಲವೆಂದು ನೋಡಿಕೊಂಡು, ಮರಗಟ್ಟಿಸುವ ಔಷಧಿ ರೋಪಿವಕೇನನ್ನು ಸ್ವಲ್ಪ ಸ್ವಲ್ಪವೇ ಬಿಡುವುದು. ತೆರೆಯ ಮೇಲೆ ಕಪ್ಪಗೆ ಔಷಧಿ ಹರಡುತ್ತದೆ. ದೋಸೆ ಕಾವಲಿಯಿಂದ ಅಂಚು ಬಿಡುವ ಹಾಗೆ ರಜ್ಜು ಮೂಳೆಯಿಂದ ಮೆಲ್ಲಗೆ ಮೇಲೇಳುತ್ತದೆ. ಎಷ್ಟು ಸಲ ನೋಡಿದರೂ ಕಣ್ಣು ತಣಿಯದು.

20 ಎಂ.ಎಲ್. ಸಾಕು. ಹೆಚ್ಚು ಸುರಿದರೆ, ಇಲ್ಲವೇ ತುದಿ ಮೇಲೆಯೇ ನಿಂತರೆ, ಔಷಧಿ ದೊಡ್ಡ ನರದತ್ತ ಹರಿದು ಕಾಲು ಸೋಲುತ್ತದೆ. ಈ ಹದ ಕೈಗೆ ಹತ್ತುವುದರಲ್ಲೇ ಈ ಕೆಲಸದ ಸೊಗಸಿದೆ ಎಂದು ನನ್ನ ನಂಬಿಕೆ. ಚರ್ಮದ ಗಾಯದ ಉರಿಗೆ ಇದು ಮದ್ದಲ್ಲ. ಅದಕ್ಕೆ ತೊಡೆಯ ಹೊರಬದಿಯ ಚರ್ಮದ ನರಕ್ಕೆ ಬೇರೆ ಚುಚ್ಚುಮದ್ದು.

ಶಸ್ತ್ರಚಿಕಿತ್ಸೆಗೆಂದು ಬೆನ್ನಿಗೆ ಕೊಟ್ಟ ಅರಿವಳಿಕೆ ಇಂಜೆಕ್ಷನ್ ಇಳಿದ ಮೇಲೆ ವಾರ್ಡಿಗೆ ಹೋಗುವುದೆಂದರೆ ನನಗೆ ಹಬ್ಬ. ಮಂಡಿಯ ಕೆಳಗೆ ದಿಂಬಿಟ್ಟು, "ಅಜ್ಜಿ, ಕಾಲು ಚಾಚಿ ನೋಡೋಣ" ಅನ್ನುತ್ತೇನೆ. "ನೋವಿಲ್ಲ ಕಣಪ್ಪ, ಬಿಗಿ ಅಷ್ಟೇ" ಎನ್ನುತ್ತ ಹಿಮ್ಮಡಿ ಎತ್ತುತ್ತಾರೆ. ಮಾರ್ಫಿನ್ ಹೆಚ್ಚು ಬೇಕಾಗದ್ದರಿಂದ ಮಂಕು ಕವಿದಿಲ್ಲ, ವಾಕರಿಕೆಯಿಲ್ಲ. ಊಟ ಯಾವಾಗ ಎಂದು ಕೇಳುತ್ತಾರೆ. ಬ್ಲಾಕಿನ ಬಲ ಇಳಿಯುವ ಮುಂಚೆಯೇ ನೋವಿನ ಮಾತ್ರೆ ಕೊಟ್ಟಿರಬೇಕೆಂದು ಸಿಸ್ಟರ್‌ಗೆ ಹೇಳಿ, ಫಿಸಿಯೋಥೆರಪಿಯವರಿಗೆ ಫೋನ್ ಮಾಡುತ್ತೇನೆ.