ತಂತಿಯ ತೂಕ

ಕಳೆದ ಮಳೆಗಾಲದಲ್ಲಿ ಪುತ್ತೂರಿನ ನಮ್ಮ ಮನೆಯಲ್ಲಿ ಮೊಮ್ಮಗಳ ಮ್ಯಾಂಡೊಲಿನ್ನಿನ ತಂತಿಗಳು ತುಕ್ಕು ಹಿಡಿದುವು. ನಾದವು ಗಂಭೀರವಾಗಲೆಂದು ಬಗೆದು ನಾವು ದಪ್ಪ ತಂತಿಗಳನ್ನೇ ತರಿಸಿದೆವು. ಅದೇ ಶ್ರುತಿಗೆ ಬರಬೇಕಾದರೆ ದಪ್ಪ ತಂತಿಯನ್ನು ಹೆಚ್ಚು ಬಿಗಿಯಬೇಕು. ಅದನ್ನೊತ್ತಿ ಗಮಕವನ್ನೆಳೆಯುವುದು ಎಳೆಯ ಬೆರಳಿಗೆ ಕಷ್ಟಸಾಧ್ಯ. "ಅಜ್ಜಾ, ಬೆರಳು ಉರಿಯುತ್ತದೆ" ಎಂದಳು. ಆಲಸ್ಯವೆಂದು ಗದರಿದೆವು. ಎಂಟು ದಿನಗಳಲ್ಲಿ ವಾದ್ಯವು ಮೂಲೆ ಸೇರಿತು.

ಒಂದು ಸಂಜೆ ನಾವೇ ಆ ತಂತಿಯನ್ನೊತ್ತಿ ನೋಡಿ ನಾಚಿದೆವು. ಈ ವಾದ್ಯವನ್ನು ಕರ್ಣಾಟಕ ಸಂಗೀತಕ್ಕೆ ಒಗ್ಗಿಸಿದ ಯು. ಶ್ರೀನಿವಾಸರೂ (1969–2014) ನಾಲ್ಕು ಜೋಡಿ ತಂತಿಗಳನ್ನು ಬಿಟ್ಟು ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ನನ್ನು ನುಡಿಸಿದವರಲ್ಲವೇ?

ಸಪೂರ ತಂತಿಗಳನ್ನು ಕಟ್ಟಿಸಿದೆವು. ನಾದವು ತುಸು ತೆಳುವಾಯಿತು. ಆದರೆ ಮಗು ಮತ್ತೆ ನುಡಿಸತೊಡಗಿದಳು. ಸುಳ್ಯದ ಕಡೆ ಮೂವತ್ತು ವರ್ಷ ಸಂಸ್ಕೃತ ಕಲಿಸಿದ ನಾವು, ಎಷ್ಟು ಮಕ್ಕಳಿಗೆ ಮೊದಲ ದಿನವೇ ದಪ್ಪ ತಂತಿ ಬಿಗಿದಿದ್ದೆವೋ!